ಒಂದು ತೊಟ್ಟಿಗೆ ಎಷ್ಟು ಮೀನು?

ಒಂದು ಶಾಲೆಯ ವರಾಂಡದಲ್ಲಿ ಗಾಜಿನ ತೊಟ್ಟಿಯೊಂದಿದೆ ಎಂದುಕೊಳ್ಳಿ. ಅದರಲ್ಲಿ ಐದು ಗಪ್ಪಿ ಮೀನುಗಳು ಆರಾಮವಾಗಿ ಓಡಾಡಿಕೊಂಡಿದ್ದವು. ತೊಟ್ಟಿ ಇನ್ನಷ್ಟು ಅಂದವಾಗಿ ಕಾಣಲಿ ಎಂದು ಯಾರೋ ನಾಲ್ಕು ಗೋಲ್ಡ್ ಫಿಶ್ ತಂದು ಬಿಟ್ಟರು. ಇನ್ನೊಬ್ಬರು ಎರಡು ಏಂಜೆಲ್ ಮೀನು ಕೊಟ್ಟರು. ಅಷ್ಟರಲ್ಲಿ ಗಪ್ಪಿಗಳು ಮರಿ ಹಾಕಿದವು. ಒಂದು ದಿನ ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ಮಧ್ಯಾಹ್ನದ ಹೊತ್ತಿಗೆ ಮೂರು ಮೀನು ಸತ್ತವು. ನೀರು ತಿಳಿಯಾಗಿಯೇ ಇದೆ. ಆಹಾರವೂ ಸಾಕಷ್ಟು ಬಿದ್ದಿದೆ. ಹಾಗಾದರೆ ಮೀನುಗಳು ಸತ್ತದ್ದೇಕೆ?

"ಜಾಗ ಸಾಲದೆ" ಎಂದು ನೀವು ಹೇಳಬಹುದು. ಆದರೆ ಆ ತೊಟ್ಟಿಯಲ್ಲಿ ಈಜಾಡಲು ಇನ್ನೂ ಬೇಕಾದಷ್ಟು ಜಾಗವಿತ್ತು! ಮೀನಿನ ತೊಟ್ಟಿ ತುಂಬಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ. ನೀರಿನಲ್ಲಿ ಕರಗಿರುವ ಆಮ್ಲಜನಕ ಎಷ್ಟು, ಮೀನುಗಳು ಹೊರಹಾಕುವ ಕಲ್ಮಶವನ್ನು ಯಾರು ತೆಗೆಯುತ್ತಾರೆ, ಜೊತೆಯಲ್ಲಿರುವ ಮೀನುಗಳ ಸ್ವಭಾವ ಎಂಥದು ಎಂಬ ಮೂರು ಸಂಗತಿಗಳು ಅದನ್ನು ನಿರ್ಧರಿಸುತ್ತವೆ. ಒಂದೊಂದಾಗಿ ತಿಳಿಯೋಣ.

ನೀರಿನಲ್ಲಿ ಉಸಿರಾಟ

ಮೀನು ನೀರನ್ನು ಬಾಯಿಯಿಂದ ಒಳಗೆಳೆದು ಕಿವಿರುಗಳ ಮೂಲಕ ಹೊರಬಿಡುತ್ತದೆ. ಆಗ ನೀರಿನಲ್ಲಿ ಕರಗಿರುವ ಆಮ್ಲಜನಕ ಕಿವಿರಿನ ರಕ್ತನಾಳಗಳಿಗೆ ಸೇರುತ್ತದೆ. ಆದರೆ ನೀರಿನಲ್ಲಿ ಆಮ್ಲಜನಕ ಕರಗುವುದು ಬಹಳ ಕಡಿಮೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಕರಗಿಸಿಕೊಳ್ಳುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಅಂದರೆ ನಮಗೆ ದೊರೆಯುವುದರ ಮೂವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ನೀರು ಬೆಚ್ಚಗಾದಂತೆ ಅದರಲ್ಲಿ ಕರಗುವ ಆಮ್ಲಜನಕ ಇನ್ನೂ ಕಡಿಮೆಯಾಗುತ್ತದೆ. 30 ಡಿಗ್ರಿಯಲ್ಲಿ ಇದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ದೇಹದ ಚಟುವಟಿಕೆ ಹೆಚ್ಚಿ ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಬೇಸಿಗೆಯಲ್ಲಿ ಮೀನುಗಳು ಹೆಚ್ಚು ಸಾಯಲು ಇದೂ ಒಂದು ಕಾರಣ.

ಗಾಳಿಯ ಆಮ್ಲಜನಕ ನೀರಿಗೆ ಸೇರುವುದು ನೀರಿನ ಮೇಲ್ಮೈಯಿಂದ. ಆದ್ದರಿಂದ ತೊಟ್ಟಿಯ ಎತ್ತರಕ್ಕಿಂತ ಅಗಲ ಮುಖ್ಯ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯ ಮೇಲ್ಮೈ 1800 ಚದರ ಸೆಂ.ಮೀ. ಅದೇ ತೊಟ್ಟಿಯನ್ನು ನೆಟ್ಟಗೆ ನಿಲ್ಲಿಸಿದಂತೆ ಮಾಡಿಸಿದರೆ ಮೇಲ್ಮೈ 900 ಚದರ ಸೆಂ.ಮೀ. ಆಗುತ್ತದೆ. ನೀರು ಅಷ್ಟೇ ಹಿಡಿಯುತ್ತದೆ. ಆದರೆ ಗಾಳಿ ತಾಗುವ ಜಾಗ ಅರ್ಧಕ್ಕೆ ಇಳಿಯಿತು! ಬಾಯಿ ಕಿರಿದಾದ ದುಂಡನೆಯ ಗಾಜಿನ ಬುರುಡೆಯಲ್ಲಿ ಮೀನು ಸಾಕಬಾರದು ಎನ್ನುವುದು ಇದಕ್ಕೇ. ಗಾಳಿ ಪಂಪು ಹಾಕಿದಾಗ ಏಳುವ ಗುಳ್ಳೆಗಳು ತಳದ ನೀರನ್ನು ಮೇಲಕ್ಕೆ ತಂದು ಮೇಲ್ಮೈಯನ್ನು ಕಲಕುತ್ತವೆ. ಪಂಪಿನ ಮುಖ್ಯ ಉಪಯೋಗ ಇದೇ.

ತೊಟ್ಟಿಯಲ್ಲಿ ಜಲಸಸ್ಯಗಳಿದ್ದರೆ ಹಗಲಿನಲ್ಲಿ ಅವು ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಕೊಡುತ್ತವೆ. ರಾತ್ರಿ ಅವೂ ಉಸಿರಾಡುತ್ತವೆ, ಆಮ್ಲಜನಕ ಕೊಡುವುದಿಲ್ಲ. ಹಾಗಾಗಿ ಗಿಡಗಳಿರುವ ತೊಟ್ಟಿಯಲ್ಲಿ ಆಮ್ಲಜನಕ ಅತ್ಯಂತ ಕಡಿಮೆ ಇರುವುದು ನಸುಕಿನಲ್ಲಿ. ಮೀನುಗಳು ಬೆಳಿಗ್ಗೆಯೇ ಮೇಲೆ ಬಂದು ಬಾಯಿ ತೆರೆಯುವುದೇಕೆಂದು ಈಗ ತಿಳಿಯಿತಲ್ಲವೆ?

ಕಣ್ಣಿಗೆ ಕಾಣದ ಜಾಡಮಾಲಿಗಳು

ಮೀನುಗಳು ಕಿವಿರಿನ ಮೂಲಕ ಅಮೋನಿಯಾ ಎಂಬ ವಸ್ತುವನ್ನು ಹೊರಹಾಕುತ್ತವೆ. ತಿನ್ನದೆ ಉಳಿದ ಆಹಾರ, ಮಲ, ಕೊಳೆತ ಎಲೆಗಳಿಂದಲೂ ಅಮೋನಿಯಾ ಬರುತ್ತದೆ. ಇದು ಮೀನಿಗೆ ವಿಷ. ಕೆರೆಯಲ್ಲಿ ನೀರು ಅಪಾರವಾಗಿರುವುದರಿಂದ ಇದು ಬಹಳ ತೆಳುವಾಗಿ ಬೆರೆತುಹೋಗುತ್ತದೆ. ತೊಟ್ಟಿಯಲ್ಲಿ ಹಾಗಲ್ಲ, ದಿನದಿನಕ್ಕೂ ಸೇರುತ್ತಾ ಹೋಗುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ. ನೀರು ತಿಳಿಯಾಗಿ ಕಂಡರೂ ಅದರಲ್ಲಿ ವಿಷವಿರಬಹುದು.

ಇಲ್ಲಿ ನಮ್ಮ ನೆರವಿಗೆ ಬರುವವು ಬ್ಯಾಕ್ಟೀರಿಯಾಗಳು. ತಳದ ಕಲ್ಲು, ಗಾಜು, ಫಿಲ್ಟರಿನ ಸ್ಪಂಜು ಇವುಗಳ ಮೇಲೆ ಅವು ಲೋಳೆಯಂತೆ ಅಂಟಿಕೊಂಡಿರುತ್ತವೆ. ಕೆಲವು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಾಯಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು. ಇನ್ನು ಕೆಲವು ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುತ್ತವೆ. ನೈಟ್ರೇಟ್ ಅಷ್ಟೊಂದು ಅಪಾಯಕಾರಿಯಲ್ಲ. ಸ್ವಲ್ಪವನ್ನು ಗಿಡಗಳು ಗೊಬ್ಬರವಾಗಿ ಬಳಸುತ್ತವೆ. ಉಳಿದದ್ದನ್ನು ನಾವು ನೀರು ಬದಲಾಯಿಸಿ ತೆಗೆಯಬೇಕು.

ಅಮೋನಿಯಾ → ನೈಟ್ರೈಟ್ → ನೈಟ್ರೇಟ್

ಹೊಲದ ಮಣ್ಣಿನಲ್ಲಿ ನಡೆಯುವ ಸಾರಜನಕದ ಚಕ್ರದಲ್ಲೂ ಇದೇ ಹಂತಗಳಿವೆ. ಇಂಥ ಬ್ಯಾಕ್ಟೀರಿಯಾಗಳನ್ನು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ಬೆಳೆಸಿದರು. ಎರಡು ಹಂತಗಳಿಗೆ ಎರಡು ಬಗೆಯ ಜೀವಿಗಳು ಬೇಕೇ ಬೇಕು ಎಂದು ಬಹುಕಾಲ ನಂಬಲಾಗಿತ್ತು. ನೈಟ್ರೋಸ್ಪೈರಾ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಎರಡೂ ಕೆಲಸವನ್ನು ಒಂದೇ ಆಗಿ ಮಾಡಬಲ್ಲವು ಎಂಬುದು 2015ರಲ್ಲಿ ತಿಳಿದುಬಂತು. ಅವು ದೊರೆತ ಜಾಗಗಳಲ್ಲಿ ಮೀನು ಸಾಕಣೆಯ ಫಿಲ್ಟರ್ ಕೂಡ ಒಂದು!

ಈ ಬ್ಯಾಕ್ಟೀರಿಯಾಗಳು ಬೆಳೆಯುವುದು ನಿಧಾನ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಸಂಖ್ಯೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲ ದಿನವೇ ಇಪ್ಪತ್ತು ಮೀನು ಬಿಟ್ಟರೆ ಅಮೋನಿಯಾ ಬೇಗ ಬೇಗ ಸೇರುತ್ತದೆ, ಅದನ್ನು ತೆಗೆಯುವವರು ಇನ್ನೂ ಹುಟ್ಟಿರುವುದಿಲ್ಲ. ನಾಲ್ಕೈದು ಸಣ್ಣ ಮೀನುಗಳಿಂದ ಆರಂಭಿಸಬೇಕು ಎನ್ನುವುದು ಈ ಕಾರಣಕ್ಕೆ. ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಬಹಳ ಹೊತ್ತು ವಿದ್ಯುತ್ ಹೋಗಿ ಫಿಲ್ಟರ್ ನಿಂತರೆ ಅವೂ ಸಾಯತೊಡಗುತ್ತವೆ.

ವಾರಿಂಗ್ಟನ್ ಸಾಕಿದ ಎರಡು ಮೀನುಗಳು

ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಸುಮಾರು 12 ಗ್ಯಾಲನ್, ಅಂದರೆ ಸುಮಾರು 54 ಲೀಟರ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಒಂದು ಪ್ರಯೋಗ ಮಾಡಿದರು. ತಳದಲ್ಲಿ ಮರಳು, ಕಲ್ಲು ಹಾಕಿ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವನ್ನು ನೆಟ್ಟರು. ಎರಡೇ ಎರಡು ಚಿಕ್ಕ ಗೋಲ್ಡ್ ಫಿಶ್ ಬಿಟ್ಟರು. ಸ್ವಲ್ಪ ದಿನಗಳಲ್ಲಿ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವರು ಕೊಳದ ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತ ಎಲೆಗಳನ್ನು ತಿಂದವು, ನೀರು ತಿಳಿಯಾಯಿತು. ಬಸವನಹುಳುವಿನ ಮೊಟ್ಟೆ, ಮರಿಗಳು ಮೀನಿಗೆ ಆಹಾರವಾದವು. ಮೀನು, ಗಿಡ, ಬಸವನಹುಳು ಒಂದಕ್ಕೊಂದು ಆಧಾರವಾಗಿ ಬದುಕುವುದನ್ನು ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದರು.

ಅವರಿಗೆ ತಿಳಿಯದಿದ್ದ ಇನ್ನೊಂದು ಪಾತ್ರಧಾರಿ ಆ ಮರಳಿನಲ್ಲೇ ಇತ್ತು, ಬ್ಯಾಕ್ಟೀರಿಯಾ! ಕುತೂಹಲದ ಸಂಗತಿ ಎಂದರೆ, ಅವರ ಮಗನೂ ರಾಬರ್ಟ್ ವಾರಿಂಗ್ಟನ್ ಎಂಬ ಹೆಸರಿನ ಕೃಷಿ ರಸಾಯನ ವಿಜ್ಞಾನಿಯಾಗಿ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟ್ ಆಗುವ ಬಗೆಯನ್ನು ಅಭ್ಯಾಸ ಮಾಡಿದರು. ಆ ಕ್ರಿಯೆ ಎರಡು ಹಂತಗಳಲ್ಲಿ ನಡೆಯುತ್ತದೆ ಎಂದು ತೋರಿಸಿದವರಲ್ಲಿ ಅವರೂ ಒಬ್ಬರು.

ಲೆಕ್ಕ ಮಾಡೋಣ

60 × 30 × 30 ಸೆಂ.ಮೀ. ತೊಟ್ಟಿಯ ಘನಫಲ 54,000 ಘನ ಸೆಂ.ಮೀ. 1000 ಘನ ಸೆಂ.ಮೀ. ಎಂದರೆ ಒಂದು ಲೀಟರ್. ಅಂದರೆ ತೊಟ್ಟಿ 54 ಲೀಟರ್ ಹಿಡಿಯುತ್ತದೆ. ಆದರೆ ಅಂಚಿನವರೆಗೆ ನೀರು ತುಂಬುವುದಿಲ್ಲ. 25 ಸೆಂ.ಮೀ. ಎತ್ತರಕ್ಕೆ ತುಂಬಿದರೆ 45 ಲೀಟರ್. ಕಲ್ಲುಗಳು 5 ಲೀಟರಿನಷ್ಟು ಜಾಗ ಹಿಡಿದರೆ ಉಳಿಯುವ ನೀರು 40 ಲೀಟರ್.

ಹೊಸದಾಗಿ ಮೀನು ಸಾಕುವವರು ಮೀನಿನ ಒಂದು ಸೆಂ.ಮೀ. ಉದ್ದಕ್ಕೆ 2 ಲೀಟರ್ ನೀರು ಎಂದು ಲೆಕ್ಕ ಹಾಕುವುದು ಕ್ಷೇಮ. 40 ಲೀಟರಿಗೆ 20 ಸೆಂ.ಮೀ. ಆಯಿತು. 4 ಸೆಂ.ಮೀ. ಬೆಳೆಯುವ ಮೀನಾದರೆ ಐದು. ಫಿಲ್ಟರ್ ಹಲವು ತಿಂಗಳು ಚೆನ್ನಾಗಿ ನಡೆದು, ನೀರು ಬದಲಾಯಿಸುವುದು ರೂಢಿಯಾದ ಮೇಲೆ ಒಂದು ಸೆಂ.ಮೀ.ಗೆ ಒಂದು ಲೀಟರ್ ಎಂದುಕೊಂಡು ಹತ್ತರವರೆಗೆ ಹೋಗಬಹುದು. ಬಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೀನು ಈಗ ಎಷ್ಟುದ್ದ ಇದೆ ಎಂದು ನೋಡಬಾರದು, ಪೂರ್ತಿ ಬೆಳೆದಾಗ ಎಷ್ಟಾಗುತ್ತದೆ ಎಂದು ನೋಡಬೇಕು.

ಎಚ್ಚರಿಕೆ! ಈ ಸೂತ್ರ ಸಣ್ಣ ಮೀನುಗಳಿಗೆ ಮಾತ್ರ. 5 ಸೆಂ.ಮೀ. ಮೀನಿಗಿಂತ 20 ಸೆಂ.ಮೀ. ಮೀನು ನಾಲ್ಕು ಪಟ್ಟು ಉದ್ದ. ಆದರೆ ಅದು ಅಗಲದಲ್ಲೂ ದಪ್ಪದಲ್ಲೂ ನಾಲ್ಕು ಪಟ್ಟು ಬೆಳೆದಿರುತ್ತದೆ. 4 × 4 × 4 = 64. ಅಂದರೆ ಒಂದೇ ರೂಪದ ಮೀನುಗಳಾದರೆ ದೊಡ್ಡದರ ತೂಕ ಚಿಕ್ಕದರ ಸುಮಾರು 64 ಪಟ್ಟು! ಇಷ್ಟು ತೂಕದ ಮೀನು ಹೊರಹಾಕುವ ಕಲ್ಮಶ ನಾಲ್ಕು ಚಿಕ್ಕ ಮೀನುಗಳದ್ದಕ್ಕಿಂತ ಎಷ್ಟೋ ಹೆಚ್ಚು. ಬೆರಳುದ್ದದ ನಾಲ್ಕು ಗೋಲ್ಡ್ ಫಿಶ್ ಮರಿಗಳು ಮುಂದೆ ಇಂಥ ತೊಟ್ಟಿಗೆ ಭಾರವಾಗುವುದು ಹೀಗೆ.

ಯಾರ ಜೊತೆ ಯಾರು?

ಮೀನು ಕೊಳ್ಳುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಿ.

1. ಪೂರ್ತಿ ಬೆಳೆದಾಗ ಎಷ್ಟುದ್ದವಾಗುತ್ತದೆ? ಇನ್ನೊಂದು ಮೀನು ಅದರ ಬಾಯಿಗೆ ಹಿಡಿಸುತ್ತದೆಯೇ?
2. ಎಂಥ ನೀರು ಬೇಕು? ಬೆಚ್ಚನೆಯದೋ, ತಂಪಾದದ್ದೋ? ಗಡಸೋ, ಮೆದುವೋ?
3. ಗುಂಪಿನಲ್ಲಿ ಇರುತ್ತದೆಯೋ, ಒಂಟಿಯಾಗಿಯೋ?
4. ಜಗಳಗಂಟಿಯೋ, ಸಾಧುವೋ?

ಕೆಲವು ಸಾಮಾನ್ಯ ಮೀನುಗಳ ಪರಿಚಯ ಇಲ್ಲಿದೆ.

ಗಪ್ಪಿ: 3ರಿಂದ 5 ಸೆಂ.ಮೀ. ಸಾಧು. ಗಡಸು ನೀರು ಹಿಡಿಸುತ್ತದೆ. ಬಯಲುಸೀಮೆಯ ಅನೇಕ ಕಡೆ ಕೊಳವೆಬಾವಿಯ ನೀರು ಗಡಸಾಗಿರುವುದರಿಂದ ಅಲ್ಲಿ ಚೆನ್ನಾಗಿ ಬದುಕುತ್ತದೆ. ಪ್ಲೇಟಿ ಮೀನಿನೊಂದಿಗೆ ಹೊಂದಿಕೊಳ್ಳುತ್ತದೆ.

ಜೀಬ್ರಾ ಡೇನಿಯೊ: ಸುಮಾರು 4 ಸೆಂ.ಮೀ. ಮೈಮೇಲೆ ನೀಲಿ ಪಟ್ಟೆಗಳು. ನಮ್ಮ ದೇಶದ ತೊರೆ, ಗದ್ದೆಗಳ ಮೀನು. ಐದಾರು ಒಟ್ಟಿಗೆ ಇರಬೇಕು. ಇದರ ಭ್ರೂಣ ಪಾರದರ್ಶಕವಾಗಿರುವುದರಿಂದ ಪ್ರಪಂಚದಾದ್ಯಂತ ವಿಜ್ಞಾನಿಗಳು ಪ್ರಯೋಗಾಲಯಗಳಲ್ಲಿ ಇದನ್ನು ಸಾಕುತ್ತಾರೆ.

ನಿಯಾನ್ ಟೆಟ್ರಾ: 3ರಿಂದ 4 ಸೆಂ.ಮೀ. ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ್ದು. ಮೆದು ನೀರು ಬೇಕು. ಗುಂಪಿನಲ್ಲಿರುತ್ತದೆ.

ಏಂಜೆಲ್ ಮೀನು: ಸುಮಾರು 15 ಸೆಂ.ಮೀ. ಇದೂ ದಕ್ಷಿಣ ಅಮೆರಿಕದ್ದೇ. ನೋಡಲು ಸೌಮ್ಯ, ಆದರೆ ಬಾಯಿಗೆ ಹಿಡಿಸುವ ಟೆಟ್ರಾ, ಗಪ್ಪಿ ಮರಿಗಳನ್ನು ನುಂಗುತ್ತದೆ.

ಟೈಗರ್ ಬಾರ್ಬ್: 6ರಿಂದ 7 ಸೆಂ.ಮೀ. ಉದ್ದ ರೆಕ್ಕೆಯ ಮೀನುಗಳ ರೆಕ್ಕೆ ಕಚ್ಚುತ್ತದೆ. ಆರಕ್ಕಿಂತ ಹೆಚ್ಚಿನ ಗುಂಪಿನಲ್ಲಿದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡು ಬೇರೆಯವರ ತಂಟೆ ಕಡಿಮೆ ಮಾಡುತ್ತವೆ.

ಫೈಟರ್ (ಬೆಟ್ಟಾ): ಸುಮಾರು 6 ಸೆಂ.ಮೀ. ಒಂದು ತೊಟ್ಟಿಗೆ ಒಂದೇ ಗಂಡು. ಎರಡಿದ್ದರೆ ಹೋರಾಡಿ ಗಾಯಗೊಳ್ಳುತ್ತವೆ. ಕಿವಿರಲ್ಲದೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೂ ಇದಕ್ಕಿದೆ.

ಗೋಲ್ಡ್ ಫಿಶ್: 15ರಿಂದ 20 ಸೆಂ.ಮೀ., ಕೆಲವು ಇನ್ನೂ ದೊಡ್ಡವು. ತಂಪು ನೀರಿನ ಮೀನು. ಹೆಚ್ಚು ತಿಂದು ಹೆಚ್ಚು ಕಲ್ಮಶ ಮಾಡುತ್ತದೆ. ಬೇರೆಯ ದೊಡ್ಡ ತೊಟ್ಟಿಯೇ ಬೇಕು.

ಆಸ್ಕರ್: 30 ಸೆಂ.ಮೀ. ವರೆಗೆ. ಸಣ್ಣ ಮೀನುಗಳನ್ನು ತಿನ್ನುತ್ತದೆ. ಶಾಲೆಯ ತೊಟ್ಟಿಗೆ ಬೇಡ.

ಸಕ್ಕರ್ ಮೀನು: ಅಂಗಡಿಯಲ್ಲಿ ಬೆರಳುದ್ದ ಇರುವಾಗ 'ಟ್ಯಾಂಕ್ ಕ್ಲೀನರ್' ಎಂದು ಮಾರುತ್ತಾರೆ. ಗಾಜಿನ ಪಾಚಿ ತಿನ್ನುವುದು ನಿಜ. ಆದರೆ ಬೆಳೆದು 30 ಸೆಂ.ಮೀ. ದಾಟುತ್ತದೆ. ಅದು ಮಾಡುವ ಕೊಳೆ ಅದು ತೆಗೆಯುವ ಕೊಳೆಗಿಂತ ಹೆಚ್ಚು!

ಈಗ ಮೊದಲು ಹೇಳಿದ ತೊಟ್ಟಿಯನ್ನು ನೆನಪಿಸಿಕೊಳ್ಳಿ. ಗಪ್ಪಿ, ಗೋಲ್ಡ್ ಫಿಶ್, ಏಂಜೆಲ್ ಮೂರನ್ನೂ ಒಂದೇ ಕಡೆ ಬಿಟ್ಟದ್ದರಲ್ಲಿ ಎಷ್ಟು ತಪ್ಪುಗಳಿವೆ, ಎಣಿಸಿ.

ಗಪ್ಪಿ ಹೆಚ್ಚುವ ಬಗೆ

ಮೀನು ತಂದು ತುಂಬಿಸದಿದ್ದರೂ ತೊಟ್ಟಿ ತಾನಾಗಿ ತುಂಬಬಹುದು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಒಂದು ಹೆಣ್ಣು 20ರಿಂದ 50 ಮರಿ ಹಾಕಬಹುದು. ಮೂರು ಹೆಣ್ಣುಗಳಿದ್ದು ಒಂದೊಂದು 30 ಮರಿ ಹಾಕಿದರೂ ಒಂದು ತಿಂಗಳಿಗೆ 90. ಕೆಲವನ್ನು ದೊಡ್ಡವು ತಿನ್ನುತ್ತವೆ, ಆದರೂ ಉಳಿದವು ಎರಡು ಮೂರು ತಿಂಗಳಲ್ಲಿ ತಾವೂ ಮರಿ ಹಾಕಲು ಸಿದ್ಧ. ಗಂಡು ಹೆಣ್ಣುಗಳನ್ನು ಬೇರ್ಪಡಿಸಿದರೆ ಸಾಕಲ್ಲ ಎನ್ನುವಿರಾ? ಹೆಣ್ಣು ಗಪ್ಪಿ ಗಂಡಿನ ವೀರ್ಯಾಣುಗಳನ್ನು ದೇಹದಲ್ಲಿ ಕೂಡಿಟ್ಟುಕೊಂಡು, ಬೇರ್ಪಡಿಸಿದ ಮೇಲೂ ಕೆಲವು ತಿಂಗಳು ಮರಿ ಹಾಕುತ್ತಿರುತ್ತದೆ. ಮರಿ ಬೇಡವೆಂದರೆ ಆರಂಭದಿಂದಲೇ ಗಂಡು ಗಪ್ಪಿಗಳನ್ನು ಮಾತ್ರ ಸಾಕುವುದು ಸುಲಭದ ದಾರಿ. ಬಣ್ಣಬಣ್ಣದ ಬಾಲವಿರುವುದೂ ಗಂಡಿಗೇ.

ತೊಟ್ಟಿ ಈಗಾಗಲೇ ತುಂಬಿದ್ದರೆ?

• ಒಂದೆರಡು ದಿನ ಆಹಾರ ನಿಲ್ಲಿಸಿ. ಆರೋಗ್ಯವಾಗಿರುವ ದೊಡ್ಡ ಮೀನಿಗೆ ಇದರಿಂದ ತೊಂದರೆಯಿಲ್ಲ. ಆಹಾರ ಕಡಿಮೆಯಾದರೆ ಅಮೋನಿಯಾವೂ ಕಡಿಮೆಯಾಗುತ್ತದೆ.

• ಮೂರನೆಯ ಒಂದು ಭಾಗ ನೀರನ್ನು ಬದಲಾಯಿಸಿ. ನಲ್ಲಿಯ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು, ಕ್ಲೋರಿನ್ ಹೋದ ಮೇಲೆ ಬಳಸಿ. ನೀರನ್ನೆಲ್ಲ ಒಮ್ಮೆಗೇ ಚೆಲ್ಲಿ ತೊಟ್ಟಿ ತಿಕ್ಕಿ ತೊಳೆಯಬೇಡಿ.

• ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೆಗೆಯಿರಿ.

• ವಿದ್ಯುತ್ ಇಲ್ಲದಾಗ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ತೆಗೆದು ಸ್ವಲ್ಪ ಎತ್ತರದಿಂದ ಮತ್ತೆ ಮತ್ತೆ ಸುರಿಯಿರಿ. ಗಾಳಿ ಬೆರೆಯುತ್ತದೆ.

• ಮೀನುಗಳ ಪಟ್ಟಿ ಮಾಡಿ: ಹೆಸರು, ಸಂಖ್ಯೆ, ಪೂರ್ತಿ ಬೆಳೆದಾಗಿನ ಉದ್ದ. ಹೊಂದಿಕೆಯಾಗದವನ್ನೂ ಹೆಚ್ಚಾದವನ್ನೂ ಗುರುತಿಸಿ. ಪಕ್ಕದ ಶಾಲೆಗೆ, ದೊಡ್ಡ ತೊಟ್ಟಿ ಇರುವವರಿಗೆ ಅಥವಾ ಮೀನಿನ ಅಂಗಡಿಗೆ ಕೊಡಿ.

• ಆಹಾರ ಹಾಕಲು ತರಗತಿಯಲ್ಲಿ ಸರದಿ ಪಟ್ಟಿ ಇರಲಿ. ಮೂವತ್ತು ಮಕ್ಕಳು ಒಂದೊಂದು ಚಿಟಿಕೆ ಹಾಕಿದರೂ ಮೂವತ್ತು ಚಿಟಿಕೆ! ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಸಾಕು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಿ.

ಕೆರೆಗೆ ಬಿಡಬೇಡಿ

"ಪಾಪ, ಕೆರೆಯಲ್ಲಾದರೂ ಬದುಕಿಕೊಳ್ಳಲಿ" ಎಂದು ಹೆಚ್ಚಾದ ಮೀನುಗಳನ್ನು ಕೆರೆಗೋ ಹೊಳೆಗೋ ಬಿಡುವವರಿದ್ದಾರೆ. ಇದು ದಯೆಯಂತೆ ಕಂಡರೂ ಅಪಾಯ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ತೊಟ್ಟಿಗಳಿಂದ ಹೊರಬಿದ್ದು ಭಾರತದ ಹಲವು ರಾಜ್ಯಗಳ ಕೆರೆ, ನದಿಗಳಲ್ಲಿ ನೆಲೆಯೂರಿದೆ. ಮೈಮೇಲಿನ ಗಟ್ಟಿ ಫಲಕಗಳು, ಮುಳ್ಳುಗಳಿಂದಾಗಿ ಇದನ್ನು ತಿನ್ನುವ ಪ್ರಾಣಿಗಳು ಕಡಿಮೆ. ಮೀನುಗಾರರ ಬಲೆಗಳು ಹರಿಯುತ್ತವೆ. ದಂಡೆಯಲ್ಲಿ ಬಿಲ ತೋಡಿ ಮಣ್ಣು ಸಡಿಲಗೊಳಿಸುತ್ತದೆ. ಸ್ಥಳೀಯ ಮೀನುಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿ ಕೊಡುತ್ತದೆ. ತೊಟ್ಟಿಯ ಮೀನುಗಳಲ್ಲಿದ್ದ ರೋಗವೂ ಕೆರೆಗೆ ಹರಡಬಹುದು.

ಹಾಗೆಯೇ ಹೊಳೆಯಿಂದ ಅಪರೂಪದ ಮೀನು ಹಿಡಿದು ತೊಟ್ಟಿಗೆ ತರುವುದೂ ಸರಿಯಲ್ಲ. ಕೆಂಪು, ಕಪ್ಪು ಪಟ್ಟೆಗಳ ಡೆನಿಸನ್ ಬಾರ್ಬ್ ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟಗಳ ಕೆಲವೇ ಹೊಳೆಗಳಲ್ಲಿದೆ. ಅಕ್ವೇರಿಯಂ ಮಾರಾಟಕ್ಕಾಗಿ ಅತಿಯಾಗಿ ಹಿಡಿದದ್ದೂ ಸೇರಿ ಹಲವು ಕಾರಣಗಳಿಂದ ಅದು ಅಳಿವಿನ ಅಂಚಿನ ಮೀನುಗಳ ಪಟ್ಟಿ ಸೇರಿದೆ.

ಮಾಡಿ ನೋಡಿ

ತೊಟ್ಟಿಯ ಒಂದು ಮೀನನ್ನು ಆರಿಸಿಕೊಳ್ಳಿ. ಅದರ ಕಿವಿರಿನ ಮುಚ್ಚಳ ಒಂದು ನಿಮಿಷದಲ್ಲಿ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಣಿಸಿ. ಶಾಲೆ ಆರಂಭವಾದಾಗ ಒಮ್ಮೆ, ಮಧ್ಯಾಹ್ನದ ಊಟದ ನಂತರ ಒಮ್ಮೆ, ನೀರು ಬದಲಾಯಿಸಿದ ಮರುದಿನ ಒಮ್ಮೆ ಎಣಿಸಿ ಬರೆದಿಡಿ. ಹದಿನೈದು ದಿನ ಹೀಗೆ ಮಾಡಿ ನಕ್ಷೆ ಬರೆಯಿರಿ. ಯಾವ ಹೊತ್ತಿನಲ್ಲಿ ಉಸಿರಾಟ ಹೆಚ್ಚು? ಏಕಿರಬಹುದು? ಎಣಿಸುವಾಗ ಗಾಜನ್ನು ತಟ್ಟಬೇಡಿ. ಬೆದರಿದ ಮೀನಿನ ಉಸಿರಾಟ ಹೆಚ್ಚಾಗಿ ನಿಮ್ಮ ಲೆಕ್ಕ ತಪ್ಪುತ್ತದೆ.

ಉತ್ತರಿಸಿ

1. ನೀರು ತಿಳಿಯಾಗಿದ್ದರೂ ಮೀನುಗಳು ಸಾಯಬಹುದು. ಹೇಗೆ?
2. ಫಿಲ್ಟರಿನ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ಏಕೆ ತೊಳೆಯಬಾರದು?
3. ತೊಟ್ಟಿಯ ಉದ್ದ 45 ಸೆಂ.ಮೀ., ಅಗಲ 30 ಸೆಂ.ಮೀ., ನೀರಿನ ಎತ್ತರ 20 ಸೆಂ.ಮೀ. ಕಲ್ಲುಗಳು 3 ಲೀಟರ್ ಜಾಗ ಹಿಡಿದಿವೆ. ಒಂದು ಸೆಂ.ಮೀ.ಗೆ 2 ಲೀಟರಿನಂತೆ 4 ಸೆಂ.ಮೀ. ಬೆಳೆಯುವ ಎಷ್ಟು ಮೀನು ಸಾಕಬಹುದು?

(3ನೆಯ ಪ್ರಶ್ನೆಗೆ ಉತ್ತರ: ನೀರು 27 – 3 = 24 ಲೀಟರ್. ಮೀನು 3. ಜೀಬ್ರಾ ಡೇನಿಯೊಗೆ ಐದಾರರ ಗುಂಪು ಬೇಕಾದ್ದರಿಂದ ಈ ತೊಟ್ಟಿಗೆ ಅದು ಬೇಡ, ಮೂರು ಗಂಡು ಗಪ್ಪಿಗಳು ಸರಿ.)